ಕೊಡುವ ಕೈಗೆ ಹುಡುಕುವ ಕಾಲೂ ಬೇಕು

ಪ್ರತಿವರ್ಷ ಡಿಸೆಂಬರ್ 7ರಂದು ನಮ್ಮ ಶಾಲಾಮಕ್ಕಳು ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಪುಟ್ಟ ಧ್ವಜಗಳನ್ನೂ ಕಾಣಿಕೆಯ ಡಬ್ಬಿಯನ್ನೂ ಹಿಡಿದು ಮನೆಬಾಗಿಲಿಗೆ ಬರುವುದುಂಟು. ಅದು 1949ರಿಂದ ನಡೆದುಬಂದಿರುವ ಸಶಸ್ತ್ರ ಪಡೆಗಳ ಧ್ವಜ ದಿನ. ನಾವು ಕೈಗೆ ಸಿಕ್ಕ ನಾಣ್ಯವನ್ನೋ ನೋಟನ್ನೋ ಡಬ್ಬಿಗೆ ಹಾಕಿ, ಧ್ವಜವನ್ನು ಎದೆಗೆ ಚುಚ್ಚಿಕೊಳ್ಳುತ್ತೇವೆ. ಮರುದಿನ ಅಮಲೋದ್ಭವ ಮಾತೆಯ ಹಬ್ಬ. ಅದರ ಹಿಂದೆಯೇ ಕ್ರಿಸ್ತಜಯಂತಿಯ ಸಿದ್ಧತೆ. ಹಬ್ಬದ ಗಡಿಬಿಡಿಯಲ್ಲಿ ಆ ಪುಟ್ಟ ಧ್ವಜ ಎಲ್ಲಿ ಬಿದ್ದುಹೋಯಿತೆಂಬುದೂ ನಮಗೆ ನೆನಪಿರುವುದಿಲ್ಲ. ಆ ಡಬ್ಬಿಯ ಹಣ ಯಾರಿಗೆ ತಲುಪಿತು, ನಮ್ಮ ಬೀದಿಯಲ್ಲೇ ಇರುವ ಮಾಜಿ ಸೈನಿಕನಿಗೆ ಅದರಿಂದ ಏನಾದರೂ ದಕ್ಕಿತೇ ಎಂದು ವಿಚಾರಿಸುವವರಂತೂ ವಿರಳ.

ಈಗ ಈ ಡಬ್ಬಿಯ ಜೊತೆಗೆ ಇನ್ನೊಂದು ದೊಡ್ಡ ಕೈ ಸೇರಿಕೊಂಡಿದೆ. ಅದು ಕಂಪನಿಗಳ ಕೈ. 2013ರ ಕಂಪನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರಂತೆ ನಿಗದಿತ ಮಟ್ಟವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 2ರಷ್ಟನ್ನು ಸಮಾಜದ ಒಳಿತಿಗಾಗಿ ವೆಚ್ಚ ಮಾಡಬೇಕು. ಯಾವ ಯಾವ ಕಾರ್ಯಗಳಿಗೆ ಈ ಹಣ ಸಲ್ಲಬಹುದು ಎಂಬುದನ್ನು ಕಾಯಿದೆಯ ಏಳನೆಯ ಅನುಸೂಚಿ ಹೇಳುತ್ತದೆ. ಮಾಜಿ ಸೈನಿಕರ, ಯುದ್ಧದಲ್ಲಿ ಪತಿಯನ್ನು ಕಳೆದುಕೊಂಡ ಮಹಿಳೆಯರ ಹಾಗೂ ಅವರ ಅವಲಂಬಿತರ ಕ್ಷೇಮ ಆ ಪಟ್ಟಿಯಲ್ಲಿ ಸೇರಿದೆ. ಹೀಗಾಗಿ ಸರ್ಕಾರಿ ಸ್ವಾಮ್ಯದ ಉದ್ದಿಮೆಗಳೂ ಖಾಸಗಿ ಕಂಪನಿಗಳೂ ಧ್ವಜ ದಿನದ ನಿಧಿಗೆ ಹಣ ನೀಡುವುದು, ಗಾಯಗೊಂಡ ಯೋಧರಿಗಾಗಿ ದುಡಿಯುವ ಸೇವಾಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಳ್ಳುವುದು ಈಚಿನ ವರ್ಷಗಳಲ್ಲಿ ಸಾಮಾನ್ಯವಾಗಿದೆ. ದೊಡ್ಡ ಚೆಕ್ಕಿನ ಮಾದರಿಯನ್ನು ನಾಲ್ವರು ಹಿಡಿದು ನಿಂತ ಭಾವಚಿತ್ರಗಳನ್ನು ಪತ್ರಿಕೆಗಳಲ್ಲಿ ನಾವೆಲ್ಲ ಕಂಡಿದ್ದೇವೆ.

ಈ ಬೆಳವಣಿಗೆಯನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಈ ಹಣಕ್ಕೆ ನಿಜವಾದ ಅಗತ್ಯವಿದೆ. ಹಲವು ಪ್ರತ್ಯೇಕ ನಿಧಿಗಳನ್ನು ಒಗ್ಗೂಡಿಸಿ 1993ರಲ್ಲಿ ರೂಪಿಸಲಾದ ಧ್ವಜ ದಿನದ ನಿಧಿಯಿಂದಲೇ ರಕ್ಷಣಾ ಸಚಿವರ ಮಾಜಿ ಸೈನಿಕರ ಕ್ಷೇಮನಿಧಿಗೆ ಹಣ ಒದಗುತ್ತದೆ. ಸೈನ್ಯದಲ್ಲಿ ಸಾಮಾನ್ಯ ಜವಾನನೊಬ್ಬನಿಗೆ ನಿವೃತ್ತಿ ವೇತನ ದೊರೆಯಬೇಕಾದರೆ ಹದಿನೈದು ವರ್ಷಗಳ ಸೇವೆ ಪೂರ್ಣವಾಗಬೇಕೆಂಬುದು ನಡೆದುಬಂದ ನಿಯಮ. ಅದಕ್ಕೂ ಮೊದಲೇ ಹಿಂದಿರುಗಿದವರಿಗೆ ಮುಪ್ಪಿನಲ್ಲಿ ತಿಂಗಳ ಆಧಾರವಿರುವುದಿಲ್ಲ. ಅಂಥ, 65 ವರ್ಷ ದಾಟಿದ, ನಿವೃತ್ತಿ ವೇತನವಿಲ್ಲದ ಬಡ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ತಿಂಗಳಿಗೆ 4,000 ರೂಪಾಯಿಗಳಷ್ಟಿದ್ದ ನೆರವನ್ನು 2025ರ ಅಕ್ಟೋಬರಿನಲ್ಲಿ 8,000ಕ್ಕೆ ಏರಿಸಲಾಯಿತು. ಇಬ್ಬರು ಮಕ್ಕಳವರೆಗೆ ತಲಾ 1,000 ಇದ್ದ ಮಾಸಿಕ ವಿದ್ಯಾಭ್ಯಾಸದ ನೆರವು 2,000 ಆಯಿತು. ಹೆಣ್ಣುಮಕ್ಕಳ ವಿವಾಹಕ್ಕೆ ನೀಡುತ್ತಿದ್ದ 50,000 ರೂಪಾಯಿ ಒಂದು ಲಕ್ಷವಾಯಿತು. ಒಂಟಿಯಾಗಿ ಬಾಡಿಗೆಯ ಕೋಣೆಯಲ್ಲಿರುವ ಒಬ್ಬ ವೃದ್ಧೆಗೆ ಎಂಟು ಸಾವಿರ ರೂಪಾಯಿ ಎಂದರೆ ಅಕ್ಕಿ, ಔಷಧ, ಬಾಡಿಗೆ ಮೂರೂ ಅದರಲ್ಲಿ ಸೇರಿದೆ.

ಆದರೆ ಕಂಪನಿಯ ಔದಾರ್ಯವನ್ನು ಕಂಡು ಕಣ್ಣುಮುಚ್ಚಿ ನಂಬುವ ಸ್ಥಿತಿಯಲ್ಲಿ ನಾವಿಲ್ಲ. ನಾವು ಕೋಲಾರದ ಚಿನ್ನದ ಗಣಿಯ ಜನ. ಕಂಪನಿಯ ಕೃಪೆ ಎಂದರೇನು, ಅದು ಎಷ್ಟು ದಿನ ಬಾಳುತ್ತದೆ ಎಂಬುದನ್ನು ನಾಡಿನ ಬೇರಾವ ಊರಿಗಿಂತಲೂ ನಾವು ಹತ್ತಿರದಿಂದ ಕಂಡವರು.

1880ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಕಂಪನಿ ಇಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಇಲ್ಲಿಗೆ ಹರಿದು ಬಂದಿತು. ಮನೆ ಕಂಪನಿಯದು, ನೀರು ಕಂಪನಿಯದು, ದೀಪ ಕಂಪನಿಯದು, ಆಸ್ಪತ್ರೆಯೂ ಕಂಪನಿಯದು. ಸಿಪಾಯಿಗಿರಿ ಕೂಡ ಕಂಪನಿಯ ನೆರಳಿನಲ್ಲೇ ಇತ್ತು. 1903ರಲ್ಲಿ ಇಲ್ಲಿ ಸ್ವಯಂಸೇವಕ ಬಂದೂಕುಧಾರಿಗಳ ಪಡೆಯೊಂದು ಹುಟ್ಟಿತು. ಅದು ಮುಂದೆ ಕೋಲಾರ್ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ ಎಂಬ ಹೆಸರು ಪಡೆದು, 1947ರಲ್ಲಿ ಸ್ವಾತಂತ್ರ್ಯ ಬಂದಾಗ ವಿಸರ್ಜನೆಗೊಂಡಿತು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೂ 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸ್ಥಾಪನೆಯಾಯಿತು. ಧಣಿಗಳು ಬದಲಾದರೂ ಎಲ್ಲಕ್ಕೂ ಕಂಪನಿಯ ಕಡೆಗೇ ನೋಡುವ ನಮ್ಮ ಅಭ್ಯಾಸ ಬದಲಾಗಲಿಲ್ಲ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ ಸಂಬಳ ಮಾತ್ರವೇ ನಿಲ್ಲಲಿಲ್ಲ. ಆಸ್ಪತ್ರೆ, ನೀರು, ಮನೆಯ ಭದ್ರತೆ ಎಲ್ಲವೂ ಒಟ್ಟಿಗೆ ಅಲುಗಾಡಿದವು. ಸೈನೈಡ್ ದಿಬ್ಬಗಳು ಮಾತ್ರ ಇದ್ದಲ್ಲೇ ಉಳಿದವು.

ಆ ಕಂಪನಿ ಏನನ್ನೂ ಮಾಡಲಿಲ್ಲವೆಂದು ನಾವು ಹೇಳುತ್ತಿಲ್ಲ. ಅದು ಬಹಳಷ್ಟನ್ನು ಮಾಡಿತು. ಆದರೆ ಅದು ಮಾಡಿದ್ದೆಲ್ಲವೂ ಅದು ಇರುವವರೆಗೆ ಮಾತ್ರ ಎಂಬುದನ್ನು ನಾವು ತಡವಾಗಿ ಅರಿತೆವು. ಗಣಿಧೂಳಿನಿಂದ ಎದೆ ಕೆಟ್ಟ ಕಾರ್ಮಿಕರ ಮನೆಗಳಲ್ಲಿ ಕೊನೆಗೆ ಆಸರೆಯಾದದ್ದು ಯಾರದೋ ದಯೆಯಲ್ಲ. ಕೈಯಲ್ಲಿದ್ದ ಸೇವಾದಾಖಲೆ, ವೈದ್ಯರ ಪ್ರಮಾಣಪತ್ರ, ಹೆಸರು ಸರಿಯಾಗಿದ್ದ ಭವಿಷ್ಯನಿಧಿ ಪುಸ್ತಕ. ಕಾಗದ ಸರಿಯಿದ್ದವರು ತಮ್ಮ ಪಾಲನ್ನು ಕೇಳಿ ಪಡೆಯಲು ಸಾಧ್ಯವಿತ್ತು. ಕಾಗದವಿಲ್ಲದವರು ಕಚೇರಿಯಿಂದ ಕಚೇರಿಗೆ ಅಲೆದರು. ಮಾಜಿ ಸೈನಿಕರ ವಿಷಯದಲ್ಲಿಯೂ ಈ ಪಾಠವನ್ನು ಮರೆಯಬಾರದೆಂಬುದೇ ಈ ಬರಹದ ಉದ್ದೇಶ. ಕಂಪನಿಯು ಕೊಟ್ಟ ಹಣ ಮುಗಿದ ಮೇಲೂ ಸೈನಿಕನ ಮನೆಯಲ್ಲಿ ಏನು ಉಳಿಯುತ್ತದೆ ಎಂಬುದೇ ಆ ಕೊಡುಗೆಯ ಅಳತೆಗೋಲು.

ಇಂದು ಮಾಜಿ ಸೈನಿಕರಿಗೆ ಇರುವ ಸವಲತ್ತುಗಳು ಕಡಮೆಯೇನಲ್ಲ. ನಿವೃತ್ತಿ ವೇತನ, ಕುಟುಂಬ ವೇತನ, 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ, ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ನೆರವುಗಳು ಎಲ್ಲವೂ ಇವೆ. ಕೊರತೆಯಿರುವುದು ಇವನ್ನು ಬಾಗಿಲಿಗೆ ತಲುಪಿಸುವುದರಲ್ಲಿ. ಇದಕ್ಕೆ ಒಂದು ನಿದರ್ಶನ ನೋಡೋಣ. ಸೈನಿಕರ ನಿವೃತ್ತಿ ವೇತನವನ್ನು ಸ್ಪರ್ಶ್ ಎಂಬ ಗಣಕ ವ್ಯವಸ್ಥೆಗೆ ವರ್ಗಾಯಿಸಿದ ಮೇಲೂ ಪ್ರತಿ ವರ್ಷ ತಾನು ಬದುಕಿರುವುದನ್ನು ದೃಢಪಡಿಸುವುದು ಪ್ರತಿಯೊಬ್ಬರ ಹೊಣೆಯಾಗಿಯೇ ಉಳಿಯಿತು. 2022ರ ಏಪ್ರಿಲಿನಲ್ಲಿ ಹೀಗೆ ದೃಢಪಡಿಸದೆ ಉಳಿದಿದ್ದ ಸುಮಾರು 58,000 ಮಂದಿಯ ವೇತನ ತಡೆಹಿಡಿಯಲ್ಪಟ್ಟು, ಸರ್ಕಾರ ಗಡುವನ್ನು ವಿಸ್ತರಿಸಿ ಹಣ ಬಿಡುಗಡೆ ಮಾಡಬೇಕಾಯಿತು. ಇವರಿಗೆ ಬೇಕಾಗಿದ್ದದ್ದು ಯಾವ ಕಂಪನಿಯ ದಾನವೂ ಅಲ್ಲ. ಪಕ್ಕದಲ್ಲಿ ಕುಳಿತು, ಬೆರಳಚ್ಚು ಒತ್ತಿಸಿ, ಕಾಗದ ತುಂಬಿಕೊಡುವ ಒಬ್ಬ ತಿಳಿದ ಮನುಷ್ಯ ಮಾತ್ರ.

ನಮ್ಮ ಊರುಗಳಲ್ಲಿ ಇದಕ್ಕೆ ಇನ್ನೊಂದು ತೊಡಕೂ ಸೇರುತ್ತದೆ. ನಮ್ಮಲ್ಲಿ ಒಬ್ಬನಿಗೆ ಹಲವು ಹೆಸರುಗಳು. ಜ್ಞಾನಸ್ನಾನದಲ್ಲಿ ಒಂದು ಹೆಸರು, ಮನೆಯಲ್ಲಿ ಕರೆಯುವುದು ಮತ್ತೊಂದು, ಶಾಲೆಯಲ್ಲಿ ಬರೆಸಿದ್ದು ಮಗುದೊಂದು. ಆರೋಗ್ಯಸ್ವಾಮಿ ಎಂಬ ಹೆಸರು ಸೈನ್ಯದ ದಾಖಲೆಯಲ್ಲಿ ಆರೋಕಿಯಸಾಮಿ ಆಗಿ, ಪಡಿತರ ಚೀಟಿಯಲ್ಲಿ ಎ. ಸ್ವಾಮಿ ಆಗಿ ನಿಂತಿರಬಹುದು. ಸೈನಿಕನ ವಿವಾಹವನ್ನೂ ಮಕ್ಕಳ ಜನನವನ್ನೂ ಅವನ ದಳವು ಪಾರ್ಟ್ ಎರಡು ಆದೇಶ ಎಂಬ ಪತ್ರದಲ್ಲಿ ದಾಖಲಿಸುವ ಪದ್ಧತಿಯುಂಟು. ಹೆಂಡತಿಯ ಹೆಸರು ಅಲ್ಲಿ ಸೇರದಿದ್ದರೆ, ಅಥವಾ ಒಂದಕ್ಷರ ತಪ್ಪಾಗಿ ಸೇರಿದ್ದರೆ, ಅವನು ತೀರಿಕೊಂಡ ದಿನದಿಂದ ಅವಳ ಅಲೆದಾಟ ಆರಂಭವಾಗುತ್ತದೆ. ತಮಿಳನ್ನೋ ತೆಲುಗನ್ನೋ ಮಾತ್ರ ಬಲ್ಲ ವೃದ್ಧೆ ಇಂಗ್ಲಿಷಿನ ನಮೂನೆಯನ್ನು ಕೈಯಲ್ಲಿ ಹಿಡಿದು ಬಂಗಾರಪೇಟೆಯ ನಿಲ್ದಾಣದಲ್ಲಿ ರೈಲಿಗೆ ಕಾದು ಕುಳಿತ ದೃಶ್ಯವನ್ನು ಊಹಿಸಿಕೊಳ್ಳುವುದು ನಮಗೆ ಕಷ್ಟವಲ್ಲ.

ಇಂಥ ಕಡೆ ಕಂಪನಿಯ ಹಣವೂ ಸೇವಾಸಂಸ್ಥೆಯ ವ್ಯವಸ್ಥೆಯೂ ಎರಡೇ ಸಾಲವು. ಮೂರನೆಯವರೊಬ್ಬರು ಬೇಕು: ಆ ಮನೆಯನ್ನು ಹೆಸರಿಟ್ಟು ಬಲ್ಲವರು. ಆ ಸ್ಥಾನ ನಮ್ಮದು. ಯಾವ ಕಂಪನಿಯ ಬಳಿಯೂ ಇಲ್ಲದ ಒಂದು ಆಸ್ತಿ ನಮ್ಮ ಧರ್ಮಕೇಂದ್ರಗಳ ಬಳಿ ಇದೆ. ಅದೇ ಜ್ಞಾನಸ್ನಾನದ ಮತ್ತು ವಿವಾಹದ ದಾಖಲೆ ಪುಸ್ತಕ. ಇಂಥವರ ಮಗ, ಇಂಥ ದಿನ ಹುಟ್ಟಿದವನು, ಇಂಥವಳನ್ನು ಇಂಥ ಸಾಕ್ಷಿಗಳ ಮುಂದೆ ವಿವಾಹವಾದವನು ಎಂದು ಹಳೆಯ ಗುರುಗಳು ಮಸಿಯಲ್ಲಿ ಬರೆದಿಟ್ಟ ಆ ಸಾಲುಗಳು ಅನೇಕ ವೇಳೆ ಹೆಸರಿನ ತೊಡಕನ್ನು ಬಿಡಿಸುವ ಮೊದಲ ಎಳೆಯಾಗಬಲ್ಲವು. ಗಣಿ ಮುಚ್ಚಿದರೂ ಈ ಪುಸ್ತಕಗಳು ಮುಚ್ಚಿಲ್ಲ. ಮದುವೆಯ ಕಾಗದ ಬೇಕಾದಾಗ ಮಾತ್ರ ನಾವು ಅವನ್ನು ನೆನೆಯುತ್ತೇವೆ. ವಿಧವೆಯೊಬ್ಬಳ ಅನ್ನದ ಕಾಗದಕ್ಕಾಗಿಯೂ ಅವು ತೆರೆಯಬೇಕು.

ಹಾಗೆಂದು ಈ ಕಾರ್ಯ ನಮ್ಮವರಿಗಷ್ಟೇ ಸೀಮಿತವಾಗಬಾರದು. ಸೈನ್ಯದಲ್ಲಿ ಒಂದೇ ತಟ್ಟೆಯಲ್ಲಿ ಉಂಡವರನ್ನು ನಾವು ಊರಿಗೆ ಬಂದ ಮೇಲೆ ಜಾತಿ ಮತಗಳ ಲೆಕ್ಕದಲ್ಲಿ ಬೇರ್ಪಡಿಸುವುದು ಅವರಿಗೆ ಮಾಡುವ ಅವಮಾನ. ಪ್ಯಾರಿಸಿನಲ್ಲಿ 1833ರಲ್ಲಿ ಫ್ರೆಡ್ರಿಕ್ ಓಜನಾಂ ಅವರೂ ಅವರ ಗೆಳೆಯರೂ ಕಟ್ಟಿದ ಸಂತ ವಿನ್ಸೆಂಟ್ ದೆ ಪೌಲರ ಸಭೆಯ ಮೂಲಪದ್ಧತಿ ಬಡವರನ್ನು ಅವರ ಮನೆಗೇ ಹೋಗಿ ಕಾಣುವುದು. ಹಣವನ್ನು ಕಳುಹಿಸಿಕೊಟ್ಟರೆ ಸಾಲದು, ಹೋಗಿ ಕುಳಿತು ಮಾತನಾಡಬೇಕು ಎಂಬ ಆ ಪದ್ಧತಿಯಲ್ಲಿ ದೊಡ್ಡ ವಿವೇಕವಿದೆ. ಮಾಜಿ ಸೈನಿಕರ ಮನೆಗಳಿಗೂ ಆ ಭೇಟಿ ವಿಸ್ತರಿಸಲಿ; ಆ ಮನೆ ದೇವಾಲಯಕ್ಕೆ ಬರುವವರದೇ ಆಗಿರಬೇಕೆಂಬ ನಿಬಂಧನೆ ಬೇಡ.

ಇನ್ನು ಕೊಡುಗೆಯ ರೀತಿಯ ಬಗ್ಗೆ ಒಂದು ಮಾತು. ಸೈನಿಕನು ಕೈಚಾಚಿ ಬೇಡುವವನಲ್ಲ. ಅವನಿಗೆ ಸಲ್ಲಬೇಕಾದದ್ದು ಮೊದಲು ಹಕ್ಕು, ಆಮೇಲೆ ಕೆಲಸ. ಈ ಎರಡಕ್ಕೂ ಶಕ್ತಿಯಿಲ್ಲದವನಿಗೆ ಮಾತ್ರ ನೆರವು. ಮುರಳಿಕಾಂತ ಪೇಟ್ಕರ್ ಅವರ ಬಾಳು ಇದಕ್ಕೆ ಸಾಕ್ಷಿ. ಸೈನ್ಯದ ಯಂತ್ರವಿಭಾಗದ ಜವಾನರಾಗಿದ್ದ ಅವರು 1965ರ ಯುದ್ಧದಲ್ಲಿ ಗುಂಡೇಟುಗಳಿಂದ ನಡೆಯುವ ಶಕ್ತಿಯನ್ನೇ ಕಳೆದುಕೊಂಡರು. ಚಿಕಿತ್ಸೆಯ ಭಾಗವಾಗಿ ಈಜನ್ನು ಕಲಿತು, 1972ರಲ್ಲಿ ಹೈಡೆಲ್‌ಬರ್ಗಿನ ಪ್ಯಾರಾಲಿಂಪಿಕ್ಸಿನಲ್ಲಿ 50 ಮೀಟರ್ ಈಜಿನಲ್ಲಿ ಭಾರತಕ್ಕೆ ಮೊದಲ ಚಿನ್ನದ ಪದಕ ತಂದರು. ಆ ಪಯಣಕ್ಕೆ ಕ್ರಿಕೆಟ್ ಆಟಗಾರ ವಿಜಯ್ ಮರ್ಚೆಂಟ್ ಅವರ ಸೇವಾಸಂಸ್ಥೆ ನೆರವಾಗಿತ್ತು. ಪುಣೆಯ ಟೆಲ್ಕೊ ಕಂಪನಿ ಅವರಿಗೆ ನೌಕರಿಯನ್ನು ನೀಡಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಸೇವಾಸಂಸ್ಥೆಯು ಹೊಸ್ತಿಲನ್ನು ದಾಟಿಸಿತು, ಕಂಪನಿಯು ದುಡಿಮೆಯನ್ನು ಕೊಟ್ಟಿತು, ಉಳಿದದ್ದನ್ನು ಆ ಯೋಧರೇ ಗಳಿಸಿಕೊಂಡರು. ಕಂಪನಿ ಮತ್ತು ಸೇವಾಸಂಸ್ಥೆಗಳ ಸಹಕಾರ ಎಂದರೆ ನಮ್ಮ ಕಣ್ಣ ಮುಂದೆ ನಿಲ್ಲಬೇಕಾದ ಚಿತ್ರ ಇದು.

ಸಂತರ ಚರಿತ್ರೆಯಲ್ಲಿಯೂ ಇಂಥ ಒಬ್ಬ ಮಾಜಿ ಸೈನಿಕರಿದ್ದಾರೆ. 1550ರಲ್ಲಿ ಇಟಲಿಯಲ್ಲಿ ಜನಿಸಿದ ಸಂತ ಕಮಿಲ್ಲಸರು ಕಾಲಿನಲ್ಲಿ ಮಾಯದ ಗಾಯವನ್ನು ಹೊತ್ತು, ಜೂಜಿನಲ್ಲಿ ಇದ್ದುದೆಲ್ಲವನ್ನೂ ಕಳೆದುಕೊಂಡು, ದೇವಾಲಯದ ಬಾಗಿಲಲ್ಲಿ ಕೈಚಾಚಿ ನಿಂತ ಸಿಪಾಯಿ. ಆಗ ಅವರಿಗೆ ದೊರೆತದ್ದು ಕಪುಚಿನ್ ಮಠದ ಕಟ್ಟಡದಲ್ಲಿ ಕೂಲಿ ಕೆಲಸ. ಆ ಕೆಲಸದಿಂದಲೇ ಅವರ ಬಾಳು ತಿರುವು ಪಡೆಯಿತು. ಮುಂದೆ ಅವರು ರೋಗಿಗಳ ಸೇವೆಗಾಗಿಯೇ ಒಂದು ಸಭೆಯನ್ನು ಸ್ಥಾಪಿಸಿ, ರೋಗಿಗಳ ಪಾಲಕ ಸಂತರೆನಿಸಿದರು. ಅಂದು ಆ ಬಾಗಿಲಲ್ಲಿ ಒಂದು ಕಾಸನ್ನು ಎಸೆದು ಹೋಗಿದ್ದರೆ ಅದು ಅಂದಿನ ಜೂಜಿಗೇ ಸಾಕಾಗುತ್ತಿತ್ತೇನೋ. ಮದ್ಯಕ್ಕೆ ಬಿದ್ದ ಮಾಜಿ ಸೈನಿಕನನ್ನು ಕಂಡು ಮುಖ ತಿರುಗಿಸುವ ಮುನ್ನ ನಾವು ಈ ಸಂತರನ್ನು ನೆನೆಯುವುದು ಒಳಿತು.

ಕೆಲಸದ ಮಾತು ಬಂದಾಗ ನಮ್ಮ ಊರಿನ ಕಡೆಗೇ ನೋಡೋಣ. 1964ರಲ್ಲಿ ಸ್ಥಾಪನೆಯಾದ ಬೆಮೆಲ್ ರಕ್ಷಣಾ ಸಚಿವಾಲಯದ ಅಧೀನದಲ್ಲಿ ಬೆಳೆದ ಉದ್ದಿಮೆ. ನಮ್ಮ ರೈಲು ಮಾರ್ಗದ ಒಂದು ನಿಲ್ದಾಣವೇ ಅದರ ಹೆಸರನ್ನು ಹೊತ್ತಿದೆ. ನರಸಾಪುರ, ವೇಮಗಲ್, ಮಾಲೂರುಗಳ ಕಡೆ ಹೊಸ ಕಾರ್ಖಾನೆಗಳು ಎದ್ದಿವೆ. ಕಂಪನಿಗಳು ತಾವಿರುವ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದು 135ನೆಯ ಕಲಮು ಸ್ಪಷ್ಟವಾಗಿಯೇ ಹೇಳುತ್ತದೆ. ಕೇಂದ್ರ ಸರ್ಕಾರಿ ಉದ್ದಿಮೆಗಳಲ್ಲಿ ಮೂರನೆಯ ದರ್ಜೆಯ ಹುದ್ದೆಗಳಲ್ಲಿ ಶೇಕಡ 14.5, ನಾಲ್ಕನೆಯ ದರ್ಜೆಯಲ್ಲಿ ಶೇಕಡ 24.5 ಮಾಜಿ ಸೈನಿಕರಿಗೆ ಮೀಸಲೆಂಬ ನಿಯಮವಿದೆ. ಆದರೆ ಈ ಮೀಸಲು ಸ್ಥಾನಗಳು ಪೂರ್ಣವಾಗಿ ತುಂಬುತ್ತಿಲ್ಲವೆಂಬುದನ್ನು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೇ ಎತ್ತಿ ತೋರಿಸಿದೆ. ಯಾವುದೇ ಕಂಪನಿಯು ನಿಧಿಗೆ ಚೆಕ್ಕು ನೀಡುವಾಗ ನಾವು ಗೌರವದಿಂದಲೇ ಒಂದು ಪ್ರಶ್ನೆಯನ್ನು ಕೇಳಬಹುದು: ತಮ್ಮ ಗೇಟಿನ ಒಳಗೆ ಎಷ್ಟು ಮಂದಿ ಮಾಜಿ ಸೈನಿಕರಿಗೆ, ಎಷ್ಟು ಮಂದಿ ವೀರಪತ್ನಿಯರಿಗೆ ಕೆಲಸ ಕೊಟ್ಟಿದ್ದೀರಿ? ಗೇಟಿನ ಕಾವಲಿಗಷ್ಟೇ ಅವರು ಯೋಗ್ಯರೇ? ಸೈನ್ಯದಲ್ಲಿ ಯಂತ್ರ ಬಿಚ್ಚಿ ಕೂಡಿಸಿದವರು, ತಂತಿ ಎಳೆದವರು, ಭಾರಿ ವಾಹನ ನಡೆಸಿದವರು, ಉಗ್ರಾಣದ ಲೆಕ್ಕವಿಟ್ಟವರು ಕಾರ್ಖಾನೆಯ ಒಳಗೂ ಬೇಕಾದವರೇ ಅಲ್ಲವೇ?

ಈ ಪ್ರಶ್ನೆ ಇನ್ನು ಮುಂದೆ ಹೆಚ್ಚು ತುರ್ತಿನದಾಗಲಿದೆ. 2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರಿದ ಯುವಕರ ಸೇವಾವಧಿ ನಾಲ್ಕು ವರ್ಷ. ಅವರಲ್ಲಿ ಶೇಕಡ 25ರಷ್ಟು ಮಂದಿಯನ್ನು ಸೈನ್ಯದಲ್ಲೇ ಉಳಿಸಿಕೊಳ್ಳುವುದಾಗಿ ಯೋಜನೆ ಹೇಳಿತು. ಉಳಿದವರು ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿಯೊಡನೆ ಊರಿಗೆ ಮರಳಬೇಕು, ನಿವೃತ್ತಿ ವೇತನವಿಲ್ಲ. ಮೊದಲ ತಂಡಗಳ ನಾಲ್ಕು ವರ್ಷ ತುಂಬುವ ಕಾಲ 2026ರ ಕೊನೆಯ ಹೊತ್ತಿಗೆ. ಮಾಜಿ ಸೈನಿಕ ಎಂದರೆ ಇದುವರೆಗೆ ನಮ್ಮ ಕಣ್ಣಿಗೆ ಬರುತ್ತಿದ್ದುದು ನರೆತ ಮೀಸೆಯ ಹಿರಿಯರು. ಇನ್ನು ಇಪ್ಪತ್ತೈದು ತುಂಬದ ಹುಡುಗನೂ ಸೈನ್ಯದಿಂದ ಹಿಂದಿರುಗಿ, ಮರುದಿನದ ಚಿಂತೆಯಲ್ಲಿ ಜಗಲಿಯ ಮೇಲೆ ಕುಳಿತಿರಬಹುದು. ಅವನ ಕೈಯಲ್ಲಿರುವ ಹಣವನ್ನು ಕಂಡು ಬರುವ ಬಂಧುಗಳು ಬಹಳ. ಅದನ್ನು ಕಾಪಾಡುವ ಸಲಹೆ ನೀಡುವವರು ಕೆಲವರು. ಕಂಪನಿಗಳು ತರಬೇತಿಗೆ, ನೌಕರಿಗೆ ಬಾಗಿಲು ತೆರೆಯಬೇಕಾದ ಕಾಲ ಇದೇ.

ಆದುದರಿಂದ ಕಂಪನಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ನಿಧಿಗೆ ಕೊಡಿ, ಅದರೊಂದಿಗೆ ತಮ್ಮ ನೆರೆಯ ತಾಲ್ಲೂಕಿನ ಸೈನಿಕ ಕುಟುಂಬಗಳನ್ನು ಹುಡುಕುವ ಕೆಲಸಕ್ಕೂ ಕೊಡಿ. ಒಂದು ವರ್ಷಕ್ಕಲ್ಲ, ಕೆಲವು ವರ್ಷಗಳಿಗೆ ಮುಂಚಿತವಾಗಿಯೇ ಮಾತು ಕೊಡಿ. ಸೇವಾಸಂಸ್ಥೆಗಳಲ್ಲಿ ನಮ್ಮ ಕೋರಿಕೆ: ಬಂದ ಹಣವೆಷ್ಟು, ತಲುಪಿದ ಮನೆಗಳೆಷ್ಟು ಎಂಬ ಲೆಕ್ಕವನ್ನು ಊರವರಿಗೆ ತಿಳಿಯುವಂತೆ ತೆರೆದಿಡಿ, ಪಡೆದವರ ಮುಖವನ್ನು ಪ್ರಚಾರದ ವಸ್ತುವಾಗಿಸಬೇಡಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಪ್ರಭುವಿನ ಉಪದೇಶ ಕೊಟ್ಟವರ ಹೆಮ್ಮೆಗೆ ಕಡಿವಾಣ ಹಾಕುತ್ತದೆ, ಪಡೆದವರ ಮಾನವನ್ನೂ ಕಾಯುತ್ತದೆ.

ನಮ್ಮ ಕುಟುಂಬಗಳಿಗೆ ಹೇಳಬೇಕಾದದ್ದು ಇನ್ನೂ ಸರಳ. ಮನೆಯಲ್ಲಿ ಸೈನ್ಯದಿಂದ ಬಂದ ತಂದೆಯೋ ಅಜ್ಜನೋ ಇದ್ದರೆ ಈ ಭಾನುವಾರ ಬಲಿಪೂಜೆ ಮುಗಿಸಿ ಬಂದು, ತಗಡಿನ ಪೆಟ್ಟಿಗೆಯಲ್ಲಿರುವ ಅವರ ಬಿಡುಗಡೆಯ ಪುಸ್ತಕವನ್ನು ಹೊರತೆಗೆಯಿರಿ. ತಾಯಿಯ ಹೆಸರು ಅದರಲ್ಲಿಯೂ ಆಧಾರ್ ಚೀಟಿಯಲ್ಲಿಯೂ ಬ್ಯಾಂಕಿನ ಪುಸ್ತಕದಲ್ಲಿಯೂ ಒಂದೇ ಆಗಿದೆಯೇ ಎಂದು ನೋಡಿ. ವ್ಯತ್ಯಾಸವಿದ್ದರೆ ತಂದೆಯವರು ಬದುಕಿರುವಾಗಲೇ ತಿದ್ದಿಸಿ. ಆಮೇಲೆ ತಿದ್ದಿಸುವುದು ಬಹು ಕಷ್ಟ. ಪಕ್ಕದ ಲೈನಿನಲ್ಲಿ ಒಂಟಿ ವಿಧವೆಯಿದ್ದರೆ ಅವರ ಕಾಗದವನ್ನೂ ಜೊತೆಗೆ ನೋಡಿಕೊಡಿ. ಕಾಲೇಜಿಗೆ ಹೋಗುವ ನಮ್ಮ ಮಕ್ಕಳಿಗೆ ಮೊಬೈಲಿನಲ್ಲಿ ಇದು ಅರ್ಧ ಗಂಟೆಯ ಕೆಲಸ. ಧರ್ಮಕೇಂದ್ರದ ಮಂಡಳಿಗಳು ತಿಂಗಳಿಗೊಂದು ಭಾನುವಾರ ದೇವಾಲಯದ ಅಂಗಳದಲ್ಲಿ ಒಂದು ಮೇಜು ಹಾಕಿ, ಬರೆಯಬಲ್ಲ ಇಬ್ಬರನ್ನು ಕೂರಿಸಿದರೆ ಅದಕ್ಕಿಂತ ದೊಡ್ಡ ಧ್ವಜ ದಿನ ಬೇರೊಂದಿಲ್ಲ.

ಮಾರಿಕುಪ್ಪದಿಂದ ಹೊರಟ ನಸುಕಿನ ರೈಲು ಬಂಗಾರಪೇಟೆಯನ್ನು ಹಾದು ಬೆಂಗಳೂರಿಗೆ ಸಾಗುವಾಗ ಅದರಲ್ಲಿ ಕೂಲಿಗೆ ಹೊರಟವರೂ ಕಚೇರಿಗೆ ಹೊರಟವರೂ ಆಸ್ಪತ್ರೆಗೆ ಹೊರಟವರೂ ಒತ್ತಾಗಿ ನಿಂತಿರುತ್ತಾರೆ. ಅವರ ನಡುವೆ ಕಾವಲುಗಾರನ ಸಮವಸ್ತ್ರದಲ್ಲಿ, ಬೆನ್ನು ನೇರ ಮಾಡಿ ನಿಂತ ಒಬ್ಬ ಹಿರಿಯರು ಕಂಡರೆ, ಅವರು ಯಾವ ದಳದಲ್ಲಿದ್ದರು, ಯಾವಾಗ ಬಂದರು, ಕಾಗದಪತ್ರ ಸರಿಯಿದೆಯೇ ಎಂದು ಒಮ್ಮೆ ಕೇಳೋಣ. ಎದ್ದು ಕೂರಲು ಜಾಗವನ್ನೂ ಬಿಟ್ಟುಕೊಡೋಣ.